ಹಗರೆ ಗೇಟಿನಲ್ಲಿ ಮಡಿಲಕ್ಕಿ

ಬೆಳಗಿನ ಕಾಫಿ ಬಿಟ್ಟಿದ್ದೇನೆ. ಅಮ್ಮ ಕೇಳಿದರೆ ಪಿತ್ತ ಅನ್ನುತ್ತೇನೆ. ನಿಜ ಬೇರೆ. ಹಗರೆಯ ಚೆಕ್‌ಪೋಸ್ಟಿನಲ್ಲಿ ಹೆಂಗಸರು ಹೋಗಿಬರಲು ಒಂದು ಮರೆಯೂ ಇಲ್ಲ. ಸಂಜೆ ಬೇಲೂರಿಗೆ ಮರಳುವತನಕ ತಡೆದುಕೊಂಡಿರಬೇಕು. ಬಿ.ಎ. ಮಾಡಿದವಳು ಇದನ್ನೆಲ್ಲ ಬರೆಯುತ್ತಾಳೆಯೇ? ಬರೆಯದೆ ಯಾರಿಗೆ ಹೇಳಲಿ.

ಅನುಮತಿ ಚೀಟಿ ಇಲ್ಲದೆ ಅಕ್ಕಿ ತಾಲ್ಲೂಕು ದಾಟಬಾರದೆಂದು ಈ ವರ್ಷ ಮೈಸೂರು ಸರ್ಕಾರದ ಆಜ್ಞೆ. ಬಸ್ಸುಗಳಲ್ಲಿ ಹೆಂಗಸರ ಗಂಟು ನೋಡಲು ನಾನು, ಗಂಡಸರದಕ್ಕೆ ಹಿರಿಯರಾದ ಸುಬ್ಬರಾಮಯ್ಯನವರು. ನಾವು ಪೊಲೀಸರಲ್ಲ. ಕೇಳಬಹುದು, ಬರೆದುಕೊಳ್ಳಬಹುದು, ಬಿಚ್ಚಿಸಿ ನೋಡಲು ಪೇದೆಯೇ ಬರಬೇಕು. ಅವನು ವಾರಕ್ಕೊಮ್ಮೆ ಬಂದರೆ ಹೆಚ್ಚು.

"ಅದನ್ನ ನಾವಾಗೇ ಯಾಕಮ್ಮಾ ಹೇಳ್ಬೇಕು? ನಮ್ಮ ಖಾಕಿ ಕೋಟು ನೋಡಿದ್ರೆ ಜನ ತಾವೇ ಬಿಚ್ತಾರೆ," ಎಂದು ಸುಬ್ಬರಾಮಯ್ಯನವರು ಮೊದಲ ದಿನವೇ ಹೇಳಿದ್ದರು.

ಬಿಚ್ಚುತ್ತಲೇ ಇದ್ದರು. ಹಳೇ ಸೀರೆ, ಚಕ್ಕುಲಿ, ಮಗುವಿನ ಒದ್ದೆ ಬಟ್ಟೆ. ನೋಡಿ ನೋಡಿ ಸಾಕಾಗಿದೆ.

ಇವತ್ತು ಹಳೇಬೀಡಿನ ಬಸ್ಸಿನಲ್ಲಿ ರುದ್ರಮ್ಮ ಎಂಬ ಹೆಣ್ಣುಮಗಳು ಕೂತಿದ್ದಳು. ಸೊಂಟಕ್ಕೆ ಸಿಕ್ಕಿಸಿದ ಸೆರಗು ಉಬ್ಬಿತ್ತು.

"ಮಡಿಲಲ್ಲಿ ಏನಮ್ಮಾ?" ಸುಬ್ಬರಾಮಯ್ಯನವರು ಬಾಗಿಲಿಂದಲೇ ಕೇಳಿದರು.

"ಮಡಿಲಕ್ಕಿ ಕಣ್ರೀ. ತೌರಲ್ಲಿ ತುಂಬ್ಸಿದ್ದು. ಗಂಡಸಿ ಊರಿಗೆ, ಗಂಡನ ಮನೆಗೆ ಹೊಂಟಿದ್ದೀನಿ."

"ಈಚೆಗೆ ಎಲ್ಲರದ್ದೂ ಮಡಿಲಕ್ಕಿನೇ! ಮೇಡಂ, ಸುರಿಸಿ, ಅಳೆಯೋಣ."

"ಗಂಡನ ಮನೆ ದೇವರ ಮುಂದೆ ಸುರಿಯೋದು ಸ್ವಾಮಿ, ರಸ್ತೇಲಾ? ಹೋದ ಸಲ ಬರಿ ಮಡಿಲಲ್ಲಿ ಬಂದೆ ಅಂತ ನಮ್ಮತ್ತೆ ಹೊಸಲಾಚೆನೇ ನಿಲ್ಸಿದ್ರು. ಈ ಸಲ ವಾಪಸ್ಸು ಅಟ್ತಾರೆ."

"ಬೇಗ ಮುಗಿಸ್ರಪ್ಪ!" ಹಿಂದಿನ ಸೀಟಿನ ಮುದುಕನೊಬ್ಬ ಕೂಗಿದ. "ಬೇಕಾದ್ರೆ ನನ್ನ ಹೊಟ್ಟೇನೂ ಬಿಚ್ಚಿ ನೋಡ್ಕಳಿ, ಮುದ್ದೆ ಬಿಟ್ರೆ ಏನೂ ಇಲ್ಲ."

ಬಸ್ಸಿನವರೆಲ್ಲ ನಕ್ಕರು. ರುದ್ರಮ್ಮ ನಗಲಿಲ್ಲ.

"ಸುರೀದಿದ್ರೆ ಪೊಲೀಸ್ ಕೇಸಾಗುತ್ತೆ ನೋಡು," ಎಂದರು ಸುಬ್ಬರಾಮಯ್ಯನವರು.

ಆ ಮಾತಿಗೆ ಅವಳು ಸೋತಳು. ಒಮ್ಮೆ ನನ್ನ ಮುಖ ನೋಡಿ ಸೆರಗಿನ ಗಂಟಿಗೆ ಕೈ ಹಾಕಿದಳು. ಅರಿಶಿನ ಹತ್ತಿದ ನಾಲ್ಕು ಕಾಳು ಬಸ್ಸಿನ ಹಲಗೆಗೆ ಉದುರಿದವು. ಅಯ್ಯೋ ಎಂದು ಬಗ್ಗಿ, ಜನರ ಕಾಲುಗಳ ನಡುವೆ ಅವನ್ನು ಆರಿಸತೊಡಗಿದಳು.

ನಾನು ಅವಳ ಕೈ ಹಿಡಿದೆ.

"ಬಿಚ್ಬೇಡಿ," ಎಂದೆ. "ಬಿಚ್ಚಿಸೋ ಅಧಿಕಾರ ನಮಗಿಲ್ಲ. ಆಗಲ್ಲ ಅಂತ ನೀವಂದ್ರೆ ನಾವು ಬಿಡಲೇಬೇಕು."