ಕುಂಕುಮ ಹಚ್ಚುವ ನಳಿಗೆ

ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಚಟ ಸುಮಂಗಲಾಳಿಗೆ ಇರಲಿಲ್ಲ. ಹಾಲಿನವನು ತಂದ ಹಾಲಿಗೂ ಬೆರಳು ಅದ್ದಿ ನೋಡಿಯೇ ಪಾತ್ರೆ ಹಿಡಿಯುವವಳು. ಅಂಥವಳು ಹನ್ನೊಂದು ವರ್ಷದ ಮಗಳು ಭಾಗ್ಯಶ್ರೀಯನ್ನು ಮಣಿಕೊಂಡದ ರೈಫಲ್ ಕ್ಲಾಸಿಗೆ ಕಳಿಸಲು ಒಪ್ಪಿದ್ದೇ ಹೆಚ್ಚು. ಅದು ಗಂಡ ಮಲ್ಲಣ್ಣನ ಹಟ. ಅವನು ಮಾದಾಪುರದ ಒಂದು ಚಿನ್ನದಂಗಡಿಯಲ್ಲಿ ಸ್ವಂತ ಲೈಸೆನ್ಸಿನ ಜೋಡುನಳಿಗೆ ಬಂದೂಕು ಹಿಡಿದು ಕಾವಲು ನಿಲ್ಲುವವನು. ಮಗಳು ಪದಕ ತರಲಿ ಎಂಬುದು ಅವನ ಆಸೆ.

ಆದರೆ ತಿಂಗಳು ಕಳೆದರೂ ಹುಡುಗಿ ಒಂದು ಗುಂಡನ್ನೂ ಹಾರಿಸಿರಲಿಲ್ಲ.

"ಮತ್ತೇನ ಕಲಿಸ್ತಾರ ನಿಮ್ಮ ಸರ್?" ಎಂದು ಸುಮಂಗಲಾ ಕೇಳಿದಳು.

"ನಳಿಗಿ ಯಾರ ಕಡೆನೂ ತಿರುಗಿಸಬಾರ್ದು. ದೊಡ್ಡವರು ಇಲ್ದಾಗ ಮುಟ್ಟಬಾರ್ದು. ಅವರು ತೆಗೆದು ತೋರಿಸೋ ತನಕ ಖಾಲಿ ಐತಿ ಅಂತ ನಂಬಬಾರ್ದು."

"ಇಷ್ಟ ಹೇಳಾಕ ಒಂದ ತಿಂಗಳಾ?"

ಶನಿವಾರ ತಾನೇ ಹೋಗಿ ಕುಳಿತಳು. ಚನ್ನಬಸಪ್ಪ ಎಂಬ ಆ ಸರ್ ಬೀದರ ಕಡೆಯ ನಿವೃತ್ತ ಸೈನಿಕ. ಆರು ಮಕ್ಕಳ ಬೆನ್ನ ಹಿಂದೆಯೇ ನಿಂತು ಒಬ್ಬೊಬ್ಬರಿಂದಲೇ ಖಾಲಿ ರೈಫಲ್ ಎತ್ತಿಸುತ್ತಿದ್ದ, ಇಳಿಸುತ್ತಿದ್ದ. ನೋಡಿ ನೋಡಿ ಅವಳಿಗೆ ಆಕಳಿಕೆ ಬಂತು. ಕ್ಲಾಸ್ ಮುಗಿದ ಮೇಲೆ ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ತಂಗೀ, ನಿಮ್ಮ ಮನ್ಯಾಗ ಬಂದೂಕು ಐತಂತಲ್ಲ, ಎಲ್ಲಿ ಇಡ್ತೀರಿ? ಕಾಡತೂಸು ಬ್ಯಾರೆ ಕಡೆ ಇಡ್ತೀರೋ ಇಲ್ಲೋ?"

ಸುಮಂಗಲಾಳಿಗೆ ಅನುಮಾನ ಹುಟ್ಟಿತು. ನಮ್ಮ ಬಂದೂಕು ಎಲ್ಲಿದ್ದರೆ ಇವನಿಗೇನು? ಒಂದು ತಿಂಗಳು ಮಗುವನ್ನು ಮಾತಿಗೆಳೆದು ಮನೆಯ ಗುಟ್ಟು ಕೆದಕಿದ್ದು ಇದಕ್ಕೇ ಇರಬೇಕು! "ಅದನ್ನ ನಮ್ಮ ಮನಿಯವರನ್ನೇ ಕೇಳ್ರಿ" ಎಂದು ಮಗಳ ಕೈ ಹಿಡಿದು ಎದ್ದು ಬಂದಳು. ಮನೆಗೆ ಬಂದವಳೇ ಬಂದೂಕಿನ ಕಪಾಟಿನ ಕೀಲಿಯನ್ನು ಅಕ್ಕಿ ಡಬ್ಬಿಯಿಂದ ಬೇಳೆ ಡಬ್ಬಿಗೆ ಬದಲಿಸಿದಳು. ದಸರಾ ಮುಗಿದ ಕೂಡಲೇ ಕ್ಲಾಸ್ ಬಿಡಿಸುವುದು ಎಂದು ತೀರ್ಮಾನಿಸಿದಳು.

ಆಯುಧ ಪೂಜೆಯ ಬೆಳಿಗ್ಗೆ ಮಲ್ಲಣ್ಣ ಪಾಳಿ ಮುಗಿಸಿ ಬಂದು, ಎಂದಿನಂತೆ ಬಂದೂಕನ್ನು ಮಣೆಯ ಮೇಲೆ ಮಲಗಿಸಿದ. ಪಕ್ಕದಲ್ಲಿ ಈಳಿಗೆ, ಸ್ಕೂಟರಿನ ಕೀಲಿ, ಚೆಂಡುಹೂವು. ನಳಿಗೆಯ ಬಾಯಿಗೆ ಕುಂಕುಮ ಹಚ್ಚಿ ಅದರೆದುರು ಹಣೆ ಮಣಿಸುವುದು ಎಂಟು ವರ್ಷದಿಂದ ಸುಮಂಗಲಾಳ ಪಾಲಿನ ಸೇವೆ. ದೇವರ ಮುಂದಿಟ್ಟ ಬಂದೂಕಿಗೆ ಯಾರೂ ಹೆದರುತ್ತಿರಲಿಲ್ಲ.

ಅವಳು ಬೆರಳಿಗೆ ಕುಂಕುಮ ಹಚ್ಚಿಕೊಂಡು ಬಾಗಿದಳು.

"ಅವ್ವಾ, ನಿಲ್ಲು!" ಭಾಗ್ಯಶ್ರೀ ಪಕ್ಕದಿಂದ ಸೆರಗು ಹಿಡಿದು ಎಳೆದಳು. "ನಳಿಗಿ ಮುಂದಿಂದ ಸರಿ. ಅಪ್ಪಾ, ತೆಗೆದು ತೋರಿಸು."

"ಖಾಲಿ ಮಾಡೇ ತಂದೀನಿ," ಎಂದ ಮಲ್ಲಣ್ಣ.

"ತೋರಿಸೋ ತನಕ ಖಾಲಿ ಅಲ್ಲಪ್ಪಾ."

ಸುಮಂಗಲಾಳಿಗೆ ಉರಿದುಹೋಯಿತು. "ಹಬ್ಬದ ದಿನ ಅಪಶಕುನ! ಆ ಮುದುಕ ಹುಡುಗಿ ತಲ್ಯಾಗ ಹುಳಾ ಬಿಟ್ಟಾನ. ನಾಳಿಂದ ಕ್ಲಾಸ್ ಬಂದ್!"

ಹುಡುಗಿಯ ಕಣ್ಣಲ್ಲಿ ನೀರಾಡಿತು, ಆದರೂ ಸೆರಗು ಬಿಡಲಿಲ್ಲ. ಬಂದೂಕನ್ನಂತೂ ಮುಟ್ಟಲೇ ಇಲ್ಲ. ಮಲ್ಲಣ್ಣ ಗೊಣಗುತ್ತ ಅದನ್ನೆತ್ತಿ ಗೋಡೆಯ ಕಡೆ ತಿರುಗಿಸಿ ತೆರೆದ. ಬಲ ನಳಿಗೆ ಖಾಲಿ. ಎಡ ನಳಿಗೆಯಲ್ಲಿ ಕಾಡತೂಸಿನ ಹಿತ್ತಾಳೆ ತಳ ಹೊಳೆಯಿತು.

"ಅಂಗಡ್ಯಾಗ ಪೇಢೆ ಹಂಚಾಕತ್ತಿದ್ರು..." ಎಂದ ಮಲ್ಲಣ್ಣ. "ಒಂದು ತೆಗೆದಿದ್ದೆ. ಎರಡೂ ತೆಗೆದೀನಿ ಅಂದ್ಕೊಂಡಿದ್ದೆ."

ಸುಮಂಗಲಾ ಕುಂಕುಮದ ಬಟ್ಟಲು ಕೆಳಗಿಟ್ಟು ಮಗಳನ್ನು ಅಪ್ಪಿಕೊಂಡಳು. ಆ ಮುದುಕ ಕೇಳಿದ್ದು ಏಕೆಂದು ಈಗ ತಿಳಿಯಿತು, ನಾಚಿಕೆಯೂ ಆಯಿತು. "ಶನಿವಾರ ನಾನೂ ಬರ್ತೀನವ್ವಾ. ನಿಮ್ಮ ಸರ್ ಕೇಳಿದ್ದಕ್ಕೆಲ್ಲಾ ಉತ್ತರ ಹೇಳ್ತೀನಿ," ಎಂದಳು.

ಆಮೇಲೆ, ಇಷ್ಟು ದಿನ ಚನ್ನಬಸಪ್ಪನ ಮೇಲಿಟ್ಟಿದ್ದ ಅನುಮಾನದ ಕಣ್ಣನ್ನು ಗಂಡನ ಕಡೆ ತಿರುಗಿಸಿದಳು.

"ರೀ, ಹೋದ ವರ್ಷ ಎರಡೂ ತೆಗೆದಿದ್ರೇನು?"

ಮಲ್ಲಣ್ಣ ಎಡ ನಳಿಗೆಯ ಕಾಡತೂಸನ್ನು ಹೊರಗೆಳೆದು ಮಣೆಯ ಮೇಲಿಟ್ಟ.

"ಅದರ ಹಿಂದಿನ ವರ್ಷ?"