ರಿವರ್ಸ್ ಪಾರ್ಕಿಂಗ್ ಮತ್ತು ಮೂವತ್ತು ದಾಟಿದವರು

೧
ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟಿನಲ್ಲಿ ಲೈಬ್ರರಿ ಅಕ್ಕನನ್ನು ಎರಡನೇ ಪುಟದಲ್ಲೇ ಸಾಯಿಸಿದ್ದೆ. ಬರೆಯುತ್ತಾ ನಾನೇ ಅತ್ತಿದ್ದೆ. ಅಕ್ಕ ಓದಿ, "ನಾನಿನ್ನೂ ಇದ್ದೀನಲ್ಲ, ಸ್ವಲ್ಪ ನೋಡ್ಕೊಂಡು ಬರಿ" ಅಂದಳು. ಹರಿದು ಹಾಕಿದೆ.

೨
ಅಕ್ಕ ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುವವಳು, ವಯಸ್ಸು ನಲವತ್ತೊಂದು. ಅವಳೂ ನಾನೂ ಒಂದೇ ಡ್ರೈವಿಂಗ್ ಕ್ಲಾಸಿನವರು. (ನಾನು ಟೆಸ್ಟಿನಲ್ಲಿ ಎರಡು ಸಲ ಫೇಲು. ಕಥೆಗೆ ಬೇಕಿಲ್ಲದ ವಿಷಯ, ಬಾಯಿ ನಿಲ್ಲಲಿಲ್ಲ.)

ಕಲಿಸುವ ಮೇಡಂಗೆ ಒಂದು ಚಾಳಿ. ಕ್ಲಚ್ಚು, ಗೇರು ಅನ್ನುತ್ತಲೇ ಗರ್ಭಕಂಠದ ಕ್ಯಾನ್ಸರಿಗೆ ಬಂದುಬಿಡುತ್ತಿದ್ದರು. ಸ್ಟೇರಿಂಗ್ ಹಿಡಿದವಳು ಎದ್ದು ಹೋಗುವಂತಿಲ್ಲವಲ್ಲ! ಹೆಚ್ಚುಕಡಿಮೆ ಎಲ್ಲಾ ಕೇಸುಗಳೂ ಎಚ್‌ಪಿವಿ ಅನ್ನುವ ವೈರಸ್‌ನಿಂದಲೇ ಬರುವುದಂತೆ. ಹುಡುಗಿಯರಿಗೆ ಒಂಬತ್ತರಿಂದ ಹದಿನಾಲ್ಕರೊಳಗೆ ಅದರ ಲಸಿಕೆ ಹಾಕಿಸಬೇಕಂತೆ. ಮೂವತ್ತು ದಾಟಿದವರು, ಲಸಿಕೆ ಆಗಿದ್ದರೂ, ಡಾಕ್ಟರು ಹೇಳಿದಷ್ಟು ವರ್ಷಕ್ಕೊಮ್ಮೆ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. ರಿವರ್ಸ್ ಪಾರ್ಕಿಂಗ್ ಕಲಿಸುತ್ತಿದ್ದುದೂ ಆಸ್ಪತ್ರೆಯ ಅಂಗಳದಲ್ಲೇ.

ಮೇಡಂ ತಂಗಿಗೆ ಕಾಯಿಲೆ ಗೊತ್ತಾದಾಗ ತಡವಾಗಿತ್ತು. ಅದನ್ನು ಬರೆಯಲೇ ಎಂದು ಕೇಳಿದೆ. ಒಂದೇ ಸಾಲು ಸಾಕು ಎಂದರು. ಬರೆದಾಯಿತು.

೩
ತನಗೆ ಯಾವ ತೊಂದರೆಯೂ ಇಲ್ಲ, ಪರೀಕ್ಷೆ ಯಾಕೆ ಎಂದು ಅಕ್ಕ ವಾದ ಮಾಡಿದಳು.

"ಬ್ರೇಕ್ ಫೇಲಾದ್ಮೇಲೆ ಬ್ರೇಕ್ ಚೆಕ್ ಮಾಡಿಸ್ತೀಯೇನಮ್ಮ?" ಎಂದರು ಮೇಡಂ.

ಏಳು ದಿನ ಅಕ್ಕ ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಹಾಗೇ ವಾಪಸ್ ತಂದಳು. ಎಂಟನೇ ದಿನ ಇಳಿದು ಒಳಗೆ ಹೋದಳು. ಹತ್ತು ನಿಮಿಷದ ಕೆಲಸ. ಎರಡು ವಾರಕ್ಕೆ ರಿಪೋರ್ಟ್ ಬಂತು: ಜೀವಕೋಶಗಳು ಬದಲಾಗತೊಡಗಿವೆ, ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದು. ಅಕ್ಕ ಕಾರಿನಲ್ಲಿ ಕೂತಳು, ಕೀಲಿ ತಿರುಗಿಸಲಿಲ್ಲ. ಮೇಡಂ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದರು. ಮುಂದಿನ ವಾರ ಡಾಕ್ಟರು ಬದಲಾದ ಭಾಗವನ್ನಷ್ಟೇ ತೆಗೆದು ಸಂಜೆಗೇ ಮನೆಗೆ ಕಳಿಸಿದರು.

೪
(ಇಲ್ಲಿ ಅಕ್ಕನ ಅತ್ತೆಯನ್ನು ವಿಲನ್ ಮಾಡುವ ಆಸೆಯಿತ್ತು. ಹನ್ನೆರಡರ ಮೊಮ್ಮಗಳಿಗೆ, ಅಂದರೆ ಅಕ್ಕನ ಮಗಳಿಗೆ, ಈ ಲಸಿಕೆಯ ಸೂಜಿ ಬೇಡ ಎಂದು ಮೊದಲು ಹಟ ಹಿಡಿದವರು ಅವರೇ. ಸೊಸೆಯ ರಿಪೋರ್ಟ್ ನೋಡಿದ ಮೇಲೆ ಹುಡುಗಿಯನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದವರೂ ಅವರೇ. ನನ್ನ ವಿಲನ್ ಕೈಕೊಟ್ಟರು.)

೫
ಲಸಿಕೆಯ ದಿನ ಎಲ್ಲರೂ ಹೋಗಿದ್ದೆವು. ಹುಡುಗಿ ಸೂಜಿ ನೋಡುತ್ತಲೇ ಇದ್ದಳು, ಕಣ್ಣು ಮುಚ್ಚಿಕೊಂಡಿದ್ದು ಅಜ್ಜಿ. ಹೊರಗಿನ ಬೆಂಚಿನಲ್ಲಿ ಕೂತು ನಾನು ಈ ಕಥೆಗೆ ಬರೆದಿಟ್ಟ ಮುಕ್ತಾಯಗಳನ್ನು ಓದಿ ಹೇಳಿದೆ.

ಒಂದು: ಅಕ್ಕನಿಗೆ ಲೈಸೆನ್ಸ್ ಸಿಗುತ್ತದೆ. ತೀರಾ ಸಪ್ಪೆ ಎಂದಳು ಅಕ್ಕ.

ಎರಡು: ಅಕ್ಕ ಗೇಟಿಗೆ ಗುದ್ದುತ್ತಾಳೆ. ಅದು ನೀನು ಗುದ್ದಿದ್ದು ಎಂದರು ಮೇಡಂ.

ಮೂರನೆಯದು ಓದುವಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು, ಪರೀಕ್ಷೆಗೆ ಯಾರಾದರೂ ಉಳಿದಿದ್ದೀರಾ ಎಂದು ಕೇಳಿದಳು. ಅಕ್ಕ, ಮೇಡಂ, ಅತ್ತೆ ಮೂವರೂ ನನ್ನ ಕಡೆ ತಿರುಗಿದರು. ನಾನು ಬರೆಯುವವಳು, ಪಾತ್ರವಲ್ಲ ಎಂದು ಹೇಳಿ ನೋಡಿದೆ.

ನರ್ಸ್ ಪೆನ್ನು ತೆಗೆದಳು. "ವಯಸ್ಸು ಹೇಳಿ."