ಹದಿನಾಲ್ಕನೇ ಐಟಂ

ಕಿಟಕಿಯ ಕಬ್ಬಿಣದ ಸರಳು ಮೊಣಕೈಯನ್ನು ಸುಡುತ್ತಿದೆ, ತೆಗೆಯೋಣವೆಂದರೆ ಕೈ ಇಡಲು ಬೇರೆ ಜಾಗವಿಲ್ಲ, ಪಕ್ಕದಲ್ಲಿ ಕೂತ ಹೆಂಗಸಿನ ತೆಂಗಿನಕಾಯಿ ಚೀಲ ಮಂಡಿಯನ್ನು ಮುಂದಿನ ಸೀಟಿಗೆ ಒತ್ತಿ ಹಿಡಿದಿದೆ, ಗುಬ್ಬಿಯಿಂದ ಹೊರಟ ಬಸ್ಸು ರೈಲ್ವೆ ಗೇಟಿನ ಮುಂದೆ ನಿಂತು ಕಾಲು ಗಂಟೆಯಾಯಿತು, ಡ್ರೈವರು ಇಳಿದು ಬೇವಿನ ಮರದ ಕೆಳಗೆ ಬೀಡಿ ಹಚ್ಚಿದ್ದಾನೆ, ಗೂಡ್ಸ್ ಬರ್ಬೇಕು ಕಣ್ರೀ, ನಾನೇನ್ ಮಾಡ್ಲಿ, ಎಂದು ಕಂಡಕ್ಟರು ಯಾರಿಗೋ ರೇಗುತ್ತಿದ್ದಾನೆ, ಮಹಾಲಿಂಗಯ್ಯ ತೊಡೆಯ ಮೇಲಿನ ರಟ್ಟಿನ ಫೈಲನ್ನು ಎದೆಗೆ ಒತ್ತಿಕೊಂಡ. ನಲವತ್ತೊಂದು ಹಾಳೆ, ಒಂದೂವರೆ ವರ್ಷ, ಇವತ್ತು ತುಮಕೂರಿನಲ್ಲಿ ಪ್ರೊಫೆಸರ್ ಸೀತಾರಾಮಯ್ಯನವರ ಕೈಗೆ ಸೇರಬೇಕು, ಸೋಮವಾರ ಅವರು ಬೆಂಗಳೂರಿನ ವಿಚಾರ ಸಂಕಿರಣದಲ್ಲಿ ಓದಬೇಕು — ರಸ್ತೆಗೆ, ಮೋರಿಗೆ, ಸ್ಕೂಲಿನ ಕಾಂಪೌಂಡಿಗೆ ಎಸ್ಟಿಮೇಟು ಬರೆಯುವ ಪಿ.ಡಬ್ಲ್ಯು.ಡಿ. ಗುಮಾಸ್ತ, ಭೂಮಿಯ ಮಗ್ಗುಲಲ್ಲಿ ಹಾದುಹೋಗುವ ಒಂದು ಬಂಡೆಯನ್ನು ಆಕಾಶದಲ್ಲೇ ಅಗೆದು ತರುವುದಕ್ಕೆ ಬರೆದ ಎಸ್ಟಿಮೇಟು, ಆಕಾಶದ್ ಕಲ್ ಒಡ್ಯಾಕೆ ಲೆಕ್ಕ ಹಾಕ್ತೀರಲ್ಲ, ಹಿತ್ಲು ಗೋಡೆ ಬಿದ್ದೋಗಿ ಎರಡು ವರ್ಷ ಆಯ್ತು, ಅದಕ್ಕೆ ಯಾವಾಗ ಹಾಕ್ತೀರಿ, ಅಂದಿದ್ದಳು ಹೆಂಡತಿ ಸರ್ವಮಂಗಳ, ನಗುತ್ತಲೇ ಅಂದಿದ್ದಳು, ಆದರೆ ಅವಳಿಗೆ ಹೇಗೆ ಹೇಳುವುದು, ಎರಡೂ ಒಂದೇ ಲೆಕ್ಕ ಕಣೇ ಅಂತ, ಯಾವ ಕಾಮಗಾರಿಗಾದರೂ ಕೇಳುವುದು ಎರಡೇ ಪ್ರಶ್ನೆ, ಸಾಮಾನು ಎಷ್ಟು ದೂರದಿಂದ ಬರಬೇಕು, ಎಷ್ಟು ಎತ್ತರಕ್ಕೆ ಏರಬೇಕು, ಲೀಡು ಮತ್ತು ಲಿಫ್ಟು, ದೂರಕ್ಕಿಂತ ಎತ್ತರವೇ ದುಬಾರಿ, ಭೂಮಿಯಿಂದ ಒಂದು ಕೊಡ ನೀರನ್ನು ಮೇಲೆ ಕಳಿಸುವ ಖರ್ಚಿಗೆ ಗುಬ್ಬಿಯಲ್ಲಿ ಒಂದು ಸ್ಕೂಲನ್ನೇ ಕಟ್ಟಬಹುದು, ಆ ಬಂಡೆಯಲ್ಲೋ ದೂರ ಕೋಟಿಗಟ್ಟಲೆ ಮೈಲಿ, ಎತ್ತುವುದು ಸೊನ್ನೆ, ತೂಕವೇ ಇಲ್ಲವಲ್ಲ, ಮೆಲ್ಲಗೆ ತಳ್ಳಿದರೆ ಹೊರಟಿತು, ಅದಕ್ಕೇ ಮೊದಲು ತೆಗೆಯಬೇಕಾದ್ದು ಚಿನ್ನವಲ್ಲ, ನೀರು, ಕನ್ನಡಿಯಿಂದ ಬಿಸಿಲು ಹಾಯಿಸಿ ಕಲ್ಲಿನೊಳಗಿನ ನೀರನ್ನು ಆವಿ ಮಾಡಿ ಚೀಲಕ್ಕೆ ಹಿಡಿಯಬೇಕು, ಆ ನೀರೇ ವಾಹನಕ್ಕೆ ಇಂಧನ, ಮಾರಾಟವೂ ಮೇಲೆಯೇ, ಅಲ್ಲಿ ಓಡಾಡುವ ಬೇರೆ ವಾಹನಗಳಿಗೆ, ಕೆಲಸದ ಜಾಗಕ್ಕೆ ಹತ್ತಿರದ ಕ್ವಾರಿ, ಇಷ್ಟು ಹೇಳಿದಾಗ ಸೀತಾರಾಮಯ್ಯನವರು ಕುರ್ಚಿಯಿಂದ ಎದ್ದು ನಿಂತಿದ್ದರು, ಮಹಾಲಿಂಗಯ್ಯನೋರೇ, ದೊಡ್ಡ ದೊಡ್ಡೋರು ಪುಟಗಟ್ಟಲೆ ಬರೆದಿದ್ದನ್ನ ನೀವು ಕ್ವಾರಿ ಅಂತ ಒಂದೇ ಮಾತಲ್ಲಿ ಹೇಳ್ಬಿಟ್ರಲ್ರೀ.

ಅವರ ಮೊದಲ ಭಾಷಣ ಕೇಳಿದ್ದು ತುಮಕೂರಿನ ಲೈಬ್ರರಿ ಹಾಲಿನಲ್ಲಿ, ಎಂಬತ್ತೆರಡರ ಮೇ ತಿಂಗಳು, ಮಹಾಲಿಂಗಯ್ಯ ಒಳಹೋದದ್ದು ಫ್ಯಾನಿನ ಗಾಳಿಗೆ ಅಷ್ಟೇ, ಆ ವರ್ಷವೇ ಕಂಡುಹಿಡಿದ, ಹೆಸರೂ ಇಡದೆ ಬರೀ ನಂಬರು ಕೊಟ್ಟ ಒಂದು ಬಂಡೆಯ ದಾರಿಯನ್ನು ಪ್ರೊಫೆಸರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಸುತ್ತುತ್ತಾ, ಅಲ್ಲಿ ಗಣಿ ಮಾಡಿದರೆ ಒಂದು ಅನುಕೂಲ ನೋಡಿ, ಭಾರವಿಲ್ಲದ ಕಡೆ ಚಾವಣಿ ಬೀಳೋದಿಲ್ಲ, ಅಂದರು, ಯಾರೋ ನಕ್ಕರು, ಮಹಾಲಿಂಗಯ್ಯ ಫ್ಯಾನಿನ ಕೆಳಗಿನಿಂದ ಎದ್ದು ಮುಂದಿನ ಸಾಲಿಗೆ ಹೋಗಿ ಕೂತ, ಬೀಳೋದಿಲ್ಲ, ಬೀಳೋದಿಲ್ಲ — ಗೇಟಿನ ಆಚೆ ಗೂಡ್ಸ್ ಬಂದೇಬಿಟ್ಟಿತು, ಒಂದೊಂದು ಡಬ್ಬಿ ಹಾದಾಗಲೂ ಬಸ್ಸಿನ ತಗಡು ನಡುಗುತ್ತದೆ, ಆವತ್ತೂ ನೆಲ ಹೀಗೇ ನಡುಗಿತ್ತು, ಎಪ್ಪತ್ತೆರಡನೇ ಇಸವಿ, ಚಿಕ್ಕನಾಯಕನಹಳ್ಳಿ ಕಡೆಯ ಒಂದು ಖಾಸಗಿ ಮ್ಯಾಂಗನೀಸ್ ಗಣಿ, ಮಹಾಲಿಂಗಯ್ಯ ಆಗ ಅಲ್ಲಿ ಸರ್ವೇಯರು, ಮಧ್ಯಾಹ್ನದ ಊಟಕ್ಕೆ ಮುಂಚೆ ಸುರಂಗದ ಚಾವಣಿ ಕುಸಿಯಿತು, ಒಳಗಿದ್ದ ಏಳು ಜನರಲ್ಲಿ ಆರು ಜನ ಕೆಮ್ಮುತ್ತಾ ಹೊರಗೆ ಬಂದರು, ಅಡವಿಯಪ್ಪ ಬರಲಿಲ್ಲ, ಸುರಂಗದ ತುದಿಯಲ್ಲಿ ಒಬ್ಬನೇ ಅದಿರು ಒಡೆಯುತ್ತಿದ್ದ ಅಡವಿಯಪ್ಪ, ಮ್ಯಾನೇಜರು ನಕ್ಷೆ ಹರಡಿ ಕೇಳಿದ, ಬಿದ್ದಿರೋ ಮಣ್ಣು ಎಷ್ಟು ಅಡಿ ಇದ್ದೀತು ಸರ್ವೇಯರ್ರೇ, ನಕ್ಷೆ ನೋಡಿದ, ಹಳೇ ನಕ್ಷೆ, ನಲವತ್ತು ಅಡಿ ಸಾರ್, ಅಗೆಯೋಕೆ ಎಷ್ಟು ದಿನ, ಮೂರು ದಿನ ಸಾರ್, ಒಳಗೆ ಗಾಳಿ ಎಷ್ಟಿದ್ದೀತು, ಇನ್ನೂ ಜೀವ ಇದ್ರೂ ಒಂದು ದಿನಕ್ಕೆ ಸಾಕಾಗ್ಬೋದು, ಹಾಗಾದ್ರೆ ಹೆಣಕ್ಕೋಸ್ಕರ ಮೂರು ದಿನ ಅಗೆದು ಇನ್ನೂ ನಾಲ್ಕು ಜನರನ್ನ ಕಳ್ಕೊಳ್ಳೋಣ್ವಾ, ಬರೆದು ಕೊಡಿ, ಬರೆದುಕೊಟ್ಟ, ನೀಲಿ ಇಂಕಿನಲ್ಲಿ, ಕೆಳಗೆ ಸಹಿ, ಸಾಯಂಕಾಲ ಅಗೆತ ನಿಂತಿತು. ಏಳು ತಿಂಗಳಾದ ಮೇಲೆ ಅದಿರಿಗಾಗಿ ಅದೇ ಜಾಗ ಬಿಡಿಸಿದರು, ಬಿದ್ದದ್ದು ನಲವತ್ತಲ್ಲ, ಹದಿನೇಳು ಅಡಿ, ಟೇಪು ಹಿಡಿದು ತಾನೇ ಅಳೆದ, ಎರಡು ಸಲ ಅಳೆದ, ಆಚೆ ಅಡವಿಯಪ್ಪ ಗೋಡೆಗೆ ಒರಗಿ ಕೂತಿದ್ದ, ಮೈಮೇಲೆ ಒಂದು ಕಲ್ಲೂ ಬಿದ್ದಿರಲಿಲ್ಲ, ಅಂಗಿ ಬಿಚ್ಚಿ ಮಡಿಸಿ ಪಕ್ಕದಲ್ಲಿಟ್ಟಿದ್ದ, ಕಾರ್ಬೈಡ್ ದೀಪವನ್ನು ಆರಿಸಿಟ್ಟಿದ್ದ, ದೀಪದೊಳಗೆ ಇನ್ನೂ ಕಾರ್ಬೈಡ್ ಉಳಿದಿತ್ತು, ಉಳಿಸಿದ್ದ.

ಆ ತಿಂಗಳೇ ಗಣಿ ಬಿಟ್ಟ, ಗುಬ್ಬಿಯ ಕಚೇರಿ, ಹನ್ನೊಂದು ವರ್ಷದಿಂದ ಅದೇ ಮೇಜು, ಮೇಜಿನ ಎದುರಿಗೆ ಗೋಡೆ, ಕಿಟಕಿ ಇರುವುದು ಬೆನ್ನಿಗೆ, ಪ್ರಮೋಷನ್ ಬಂದಾಗಲೂ ಬೇಡವೆಂದ, ಯಾಕೆ ಎಂದು ಸರ್ವಮಂಗಳ ಎಷ್ಟು ಕೇಳಿದರೂ ಹೇಳಲಿಲ್ಲ, ಹೇಳಬೇಕೆಂದು ಬಾಯಿ ತೆರೆದರೆ ನಾಲಿಗೆಯ ಮೇಲೆ ಮಣ್ಣು ಬಂದಂತೆ. ಭಾಷಣ ಕೇಳುವ ಒಂದು ತಿಂಗಳ ಹಿಂದೆ ಕುಣಿಗಲ್ ಕೆರೆ ಏರಿಯ ರಸ್ತೆ ಕೆಲಸದ ಅಳತೆಗೆಂದು ಅವನನ್ನು ಹದಿನೈದು ದಿನ ಹಾಕಿದ್ದರು, ಬಿಸಿಲಲ್ಲಿ ಮಣ್ಣಿನ ಮಂಕರಿ ಹೊರುತ್ತಿದ್ದ ಹೆಂಗಸರ ಸಾಲಿನಲ್ಲಿ ಒಬ್ಬಳು ನಿಂತಳು, ಸಿಂಬಿಯನ್ನು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದಳು, ಗಣಿ ಸರ್ವೇರ್ ಸ್ವಾಮಿ ಅಲ್ವಾ ನೀವು, ನಾನು ನರಸಿಂಹಮ್ಮ, ಅಡವಿಯಪ್ಪನ ಹೆಂಡ್ರು, ಅವಳ ಮುಖದಲ್ಲಿ ಸಿಟ್ಟಿದ್ದಿದ್ದರೆ ಬದುಕಿಕೊಳ್ಳುತ್ತಿದ್ದ, ಸಿಟ್ಟಿರಲಿಲ್ಲ, ಒಂದ್ ಮಾತು ಕೇಳ್ಬೇಕಿತ್ತು ಸ್ವಾಮಿ, ಯಾರ್ನ ಕೇಳಿದ್ರೂ ಸರಿಯಾಗಿ ಹೇಳ್ಲಿಲ್ಲ, ನಮ್ಮನೆಯೋರು ಒಂದೇ ಏಟ್ಗೆ ಹೋದ್ರಾ, ಇಲ್ಲಾ ಒದ್ದಾಡಿದ್ರಾ, ಒಂದೇ ಏಟಿಗೆ ಕಣಮ್ಮ, ಅಂದ, ಗೊತ್ತೇ ಆಗಿರಲ್ಲ ಅವನಿಗೆ, ಅಂದ, ಅವಳು ತಲೆಯಾಡಿಸಿದಳು, ಅಷ್ಟ್ ಸಾಕು ಬುಡಿ, ಎಂದು ಮತ್ತೆ ಸಾಲಿಗೆ ಹೋದಳು, ಆವತ್ತಿನಿಂದ ಅವನು ಎರಡು ಕಡೆ ಮುಚ್ಚಿಹೋದ ಸುರಂಗದಲ್ಲಿದ್ದಾನೆ, ಹಿಂದೆ ನಲವತ್ತು ಅಡಿ ಅಂದ ಸುಳ್ಳು, ಮುಂದೆ ಒಂದೇ ಏಟು ಅಂದ ಸುಳ್ಳು, ಮೊದಲನೆಯದು ಸುಳ್ಳೆಂದು ಹೇಳುವಾಗ ಗೊತ್ತಿರಲಿಲ್ಲ, ಎರಡನೆಯದು ಗೊತ್ತಿತ್ತು. ಅದಕ್ಕೇ ತಾನೇ, ಬೀಳೋದಿಲ್ಲ ಎಂಬ ಒಂದು ಮಾತಿಗೆ ಜೋತುಬಿದ್ದು, ಸಂಜೆ ಕಚೇರಿ ಮುಗಿಸಿ ಹಾಳೆಯ ಮೇಲೆ ಹಾಳೆ ಬರೆದದ್ದು, ತಿರುಗುವ ಬಂಡೆಗೆ ಮೊದಲು ಬಲೆ ಬಿಗಿಯಬೇಕು, ಇಲ್ಲವಾದರೆ ಡ್ರಿಲ್ಲು ಒತ್ತಿದವನೇ ಹಿಂದಕ್ಕೆ ತೇಲಿಹೋಗುತ್ತಾನೆ, ಎದ್ದ ಪುಡಿ ಕೆಳಗೆ ಕೂರುವುದಿಲ್ಲ, ಅದಕ್ಕೂ ಒಂದು ಚೀಲ, ರಿಪೇರಿಗೆ ಇಬ್ಬರು ಮನುಷ್ಯರು, ಇಬ್ಬರು, ಒಬ್ಬನನ್ನೇ ಕಳಿಸುವ ಹಾಗಿಲ್ಲ.

ಗೇಟು ಎದ್ದಿತು, ಬಸ್ಸು ಹೊರಟಿತು, ತುಮಕೂರು, ಬಿರುಬಿಸಿಲಿನ ಬೀದಿ, ಸೀತಾರಾಮಯ್ಯನವರ ಮನೆಯ ತಣ್ಣನೆಯ ನಡುಮನೆ, ಅವರ ಮನೆಯವರು ಇಟ್ಟುಹೋದ ಕಾಫಿ ಆರುತ್ತಿದೆ, ಪ್ರೊಫೆಸರರ ಬೆರಳು ಕೊನೆಯ ಹಾಳೆಯಲ್ಲಿ ಇಳಿಯುತ್ತಾ ಇಳಿಯುತ್ತಾ ನಿಂತದ್ದು ಎಲ್ಲಿ ಎಂದು ಮಹಾಲಿಂಗಯ್ಯನಿಗೆ ನೋಡದೆಯೇ ಗೊತ್ತು. ಇದೇನ್ರೀ ಇದು, ಹದಿನಾಲ್ಕನೇ ಐಟಂ, ವಾಪಸಾತಿಗೆ ಎರಡನೇ ವಾಹನ, ಖಾಲಿ ನಿಂತಿರತಕ್ಕದ್ದು, ಹೋದ ತಿಂಗಳ ಪ್ರತೀಲಿ ಇದು ಇರ್ಲಿಲ್ವಲ್ಲ, ಇರಲಿಲ್ಲ ಸಾರ್, ಮೊನ್ನೆ ಸೇರಿಸಿದೆ, ಬಂಡೆ ಹತ್ತಿರ ಇರೋ ದಿನಗಳಲ್ಲೇ ಹೊರಡಬೇಕು ಅಂತ ನೀವೇ ಹೇಳಿದ್ರಿ, ಆ ದಿನ ತಪ್ಪಿದ್ರೆ ಮತ್ತೆ ವರ್ಷಗಟ್ಟಲೆ ದಾರಿ ಇಲ್ಲ, ವಾಹನ ಕೆಟ್ಟರೆ ಆ ಇಬ್ಬರು ಅಲ್ಲೇ, ಸೀತಾರಾಮಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು, ಕೆಟ್ಟವರಲ್ಲ, ಎಪ್ಪತ್ತು ದಾಟಿದವರು, ಇಪ್ಪತ್ತು ವರ್ಷದಿಂದ ಯಾರೂ ಕರೆಯದ ಕಡೆಯಿಂದ ಈಗ ಕರೆ ಬಂದಿದೆ, ಇದು ಇಲ್ದಿದ್ರೆ ನೂರಕ್ಕೆ ಹನ್ನೆರಡು ಲಾಭ ಬರುತ್ತೆ, ಇದಿದ್ರೆ ನಷ್ಟ ನೋಡಿ, ಸೋಮವಾರ ನಾನು ನಷ್ಟದ ಗಣಿ ಓದಿದ್ರೆ ನಗ್ತಾರೆ ಅಷ್ಟೆ, ನಿಮ್ಮನ್ನೂ ಬೆಂಗಳೂರಿಗೆ ಕರೆಸ್ಕೋಬೇಕು ಅಂತ ಮಾತಾಗಿದೆ, ಆ ಗೋಡೆ ಮುಂದಿನ ಮೇಜಿಂದ ಎದ್ದು ಬರ್ಬೋದು ಕಣ್ರೀ ನೀವು, ಒಂದು ಗೆರೆ ಎಳೀರಿ, ಕಾಗದದ ಮೇಲಿನ ಜನ ತಾನೇ ಅವರು, ಪೆನ್ನು ಮುಂದಕ್ಕೆ ಬಂತು, ಅವರದೇ ಪೆನ್ನು, ನೀಲಿ ಇಂಕು, ಒಂದು ಗೆರೆ, ಎಷ್ಟು ಸಲೀಸು, ಕೈ ಪೆನ್ನನ್ನು ಹಿಡಿದೂ ಆಯಿತು, ಮಹಾಲಿಂಗಯ್ಯನ ಬಾಯಿಂದ ಮಾತು ತಾನಾಗಿ ಬಂತು, ಆವತ್ತೂ ನಾನು ಕಾಗದದ ಮೇಲೇ ಲೆಕ್ಕ ಹಾಕಿದ್ದು ಸಾರ್. ಯಾವತ್ತು, ಎಂದರು ಅವರು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಬ್ಬರು ಯಾವತ್ತು ಎಂದು ಕೇಳಿದರು, ಹೇಳಿದ, ನಲವತ್ತು ಅಡಿ, ಹದಿನೇಳು ಅಡಿ, ಮಡಿಸಿಟ್ಟ ಅಂಗಿ, ನರಸಿಂಹಮ್ಮನಿಗೆ ಹೇಳಿದ ಒಂದೇ ಏಟು, ಸೀತಾರಾಮಯ್ಯನವರು ಫೈಲನ್ನು ಕಟ್ಟಿ ತಮ್ಮ ಚೀಲಕ್ಕೆ ಹಾಕಿಕೊಂಡರು, ಇರ್ಲಿ ಬಿಡಿ ಐಟಂ, ನಷ್ಟ ಅಂತಲೇ ಓದ್ತೀನಿ, ನಗೋರು ನಗ್ಲಿ, ಆಮೇಲೆ ಬಾಗಿಲ ತನಕ ಬಂದು, ಆಕೆಗೆ ಗೊತ್ತಾ ಇದು, ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸು ಖಾಲಿ ನಿಂತಿತ್ತು, ಹತ್ತಿದ್ದು ಕುಣಿಗಲ್ ಬಸ್ಸು, ದಾರಿಯುದ್ದಕ್ಕೂ ಮಾತು ಜೋಡಿಸಿದ, ಕೆಡವಿದ, ಮತ್ತೆ ಜೋಡಿಸಿದ, ಹೇಳಿದರೆ ಅವಳಿಗೇನು ಸಿಗುತ್ತದೆ, ಒಂದೇ ಏಟು ಎಂಬುದನ್ನು ಹಿಡಿದು ನಿದ್ದೆ ಮಾಡುತ್ತಿದ್ದಾಳೇನೋ, ಅದನ್ನೂ ಕಿತ್ತುಕೊಳ್ಳುವುದಾ, ಯಾರ ಉಸಿರಿಗೋಸ್ಕರ ಹೋಗುತ್ತಿದ್ದೀಯ ನೀನು, ಇಳಿದುಬಿಡು, ಇಳಿಯಲಿಲ್ಲ, ಏರಿಯ ಹಿಂದಿನ ಓಣಿ, ಅವರಿವರನ್ನು ಕೇಳಿ ಹುಡುಕಿದ ಮೂರನೇ ಮನೆ, ನರಸಿಂಹಮ್ಮ ಜಗಲಿಯಲ್ಲಿ ಮೊರ ಹಿಡಿದು ಹುರುಳಿ ಹಸನು ಮಾಡುತ್ತಿದ್ದಾಳೆ, ಬನ್ನಿ ಸ್ವಾಮಿ, ಏನ್ ಇಷ್ಟ್ ದೂರ, ಕುಂತ್ಕಳಿ, ಕೂರಲಿಲ್ಲ, ನಿಂತೇ ಹೇಳಿದ, ಜೋಡಿಸಿದ ಒಂದು ಮಾತೂ ನೆನಪಿಗೆ ಬರಲಿಲ್ಲ, ಅಡವಿಯಪ್ಪ ಒಂದೇ ಏಟಿಗೆ ಹೋಗ್ಲಿಲ್ಲ ಕಣಮ್ಮ, ನಾನು ಸುಳ್ಳು ಹೇಳ್ದೆ, ಬದುಕಿದ್ದ, ಎಷ್ಟ್ ಹೊತ್ತು ಅಂತ ಗೊತ್ತಿಲ್ಲ, ಅಗೆಯೋದು ನಿಲ್ಸಿ ಅಂತ ಬರ್ಕೊಟ್ಟವನು ನಾನೇ, ಮೊರ ನಿಂತಿತು, ಅವಳು ಬೈಯಲಿ, ಮೊರ ಎತ್ತಿ ಹೊಡೆಯಲಿ, ಬೀದಿಯವರನ್ನು ಕೂಗಲಿ, ಅವಳು ಹುರುಳಿಯಲ್ಲಿದ್ದ ಒಂದು ಕಲ್ಲನ್ನು ಹೆಕ್ಕಿ ಆಚೆಗೆ ಹಾಕಿದಳು, ತಲೆ ಎತ್ತದೆ ಕೇಳಿದಳು, ಆವತ್ತು ನಾನ್ ಕಟ್ಟಿದ್ ಬುತ್ತಿ ಉಂಡಿದ್ರಾ. ಇದನ್ನು ಜೋಡಿಸಿಕೊಂಡಿರಲಿಲ್ಲ, ಇದನ್ನು ಯಾರಿಗೂ, ಪ್ರೊಫೆಸರರಿಗೂ ಹೇಳಿರಲಿಲ್ಲ, ಮಡಿಸಿದ ಅಂಗಿಯ ಕೆಳಗೆ ಇತ್ತು ಅದು, ಕೆಂಪು ಅಂಚಿನ ಬಟ್ಟೆಯ ಗಂಟು, ತಾನೇ ಬಿಚ್ಚಿದ, ಅರ್ಧ ರಾಗಿ ಮುದ್ದೆ, ದಾರದಲ್ಲಿ ಕೊಯ್ದ ಹಾಗೆ ನೇರವಾದ ಅರ್ಧ, ಒಣಗಿ ಬಿರಿದು ಕಲ್ಲಾಗಿತ್ತು, ಒಂದರ್ಧ ಉಂಡು ಇನ್ನೊಂದರ್ಧ ಕಟ್ಟಿಟ್ಟಿದ್ದ, ಎರಡು ಗಂಟು ಹಾಕಿದ್ದ, ನಾಳೆಗೆ, ಬರ್ತಾರೆ ಅಂತ, ಅರ್ಧ ಉಂಡಿದ್ದ ಕಣಮ್ಮ, ಅನ್ನಬೇಕು, ಅಂದರೆ ಇನ್ನರ್ಧ ಯಾಕೆ ಉಳಿಯಿತು ಎಂದೂ ಹೇಳಬೇಕು, ಅವಳು ಕಾಯುತ್ತಿದ್ದಾಳೆ, ಅರ್ಧ — ಅರ್ಧ ಮುದ್ದೆ, ಎರಡು ಗಂಟು, ಅರ್ಧ ಮುದ್ದೆ —